ನಿವೃತ್ತಿಯ ನಂತರ ಆರ್‌ವಿಯಲ್ಲೇ ವಾಸ: ಗಾಡಿ ಕೊಳ್ಳುವ ಮೊದಲು ಮುಗಿಸಬೇಕಾದ ಕೆಲಸಗಳು

ಅಮೆರಿಕದಲ್ಲಿ ನಿವೃತ್ತಿಯಾಗಿ, ಮನೆ ಖಾಲಿ ಮಾಡಿ, ಆರ್‌ವಿಯಲ್ಲೇ (ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲ ಒಳಗೇ ಇರುವ ವಾಸದ ಗಾಡಿ) ಊರೂರು ಸುತ್ತುತ್ತಾ ಬದುಕೋಣ ಎಂದು ಹೊರಟವರು ಸಾಮಾನ್ಯವಾಗಿ ಮೊದಲು ಹೋಗುವುದು ಡೀಲರ್ ಅಂಗಳಕ್ಕೆ. ಅಲ್ಲಿನ ಮೆತ್ತನೆ ಸೋಫಾ, ಗೋಡೆಯೊಳಗಿನ ಟಿವಿ, ಗುಂಡಿ ಒತ್ತಿದರೆ ಹೊರಕ್ಕೆ ಸರಿಯುವ ಕೋಣೆ ನೋಡಿ ಮನಸ್ಸು ಅಲ್ಲೇ ಸೋತುಹೋಗುತ್ತದೆ. ಪ್ರಶ್ನೆಗಳು ಏಳುವುದು ಸಹಿ ಬಿದ್ದ ಮೇಲೆ. ಲೈಸೆನ್ಸ್ ಮೇಲೆ ಯಾವ ವಿಳಾಸ? ಡಾಕ್ಟರ್ ಯಾರು? ಓಡಿಸುವವರಿಗೆ ಮೊಣಕಾಲು ಕೈಕೊಟ್ಟರೆ ಪಕ್ಕದಲ್ಲಿ ಕುಳಿತವರು ಇದನ್ನು ಮನೆ ಮುಟ್ಟಿಸಬಲ್ಲರೇ? ಅಷ್ಟಕ್ಕೂ ಮುಟ್ಟಿಸಲು ಮನೆ ಎಲ್ಲಿದೆ?

ಅದಕ್ಕೇ ಈ ಬರಹದಲ್ಲಿ ಕ್ರಮ ತಲೆಕೆಳಗಾಗಿದೆ. ಗಾಡಿ ಕೊಳ್ಳುವುದು ಇಲ್ಲಿ ಐದನೆಯ ಕೆಲಸ.

1. ಬಾಡಿಗೆ ಗಾಡಿಯಲ್ಲಿ ಬದುಕಿ ನೋಡಿ

ಎರಡು ಮೂರು ವಾರ ಸಾಕು. ಆದರೆ ರಜೆಗೆ ಹೋದಂತೆ ಹೋಗಬೇಡಿ. ಮಳೆಗಾಲ ಅಥವಾ ಚಳಿ ಶುರುವಾಗುವ ಸಮಯ ಆರಿಸಿ. ದಿನಾ ಅಡುಗೆ ಮಾಡಿ, ಬಟ್ಟೆ ಒಗೆಯಿರಿ, ಬಿಲ್ ಕಟ್ಟಿ. ಒಂದಿಡೀ ದಿನ ಮಳೆ ಸುರಿಯುವಾಗ ಇಬ್ಬರೂ ಒಳಗೇ ಇರಿ. ಒಬ್ಬರು ಫೋನಿನಲ್ಲಿ ಮಾತಾಡುತ್ತಿದ್ದರೆ ಇನ್ನೊಬ್ಬರು ಎಲ್ಲಿ ಕೂರುತ್ತಾರೆ? ರಾತ್ರಿ ಎದ್ದವರು ಪಕ್ಕದವರನ್ನು ದಾಟದೆ ಬಚ್ಚಲಿಗೆ ಹೋಗಬಹುದೇ? ಇವು ಸಣ್ಣ ವಿಷಯಗಳಂತೆ ಕಾಣುತ್ತವೆ. ಆದರೆ ವರ್ಷವಿಡೀ ಇರಬೇಕಾದ ಜಾಗದಲ್ಲಿ ಇವಕ್ಕಿಂತ ದೊಡ್ಡ ವಿಷಯ ಇಲ್ಲ.

ಇಬ್ಬರೂ ಓಡಿಸಬೇಕು, ಇಬ್ಬರೂ ಕೊಳಕು ನೀರಿನ ಪೈಪ್ ಹಿಡಿಯಬೇಕು. "ಅದೆಲ್ಲ ಅವರೇ ನೋಡಿಕೊಳ್ಳುತ್ತಾರೆ" ಎನ್ನುವ ಮಾತು ಈ ಬದುಕಿಗೆ ಒಗ್ಗುವುದಿಲ್ಲ.

2. ಇರುವ ಮನೆ ಮಾರುವುದೇ, ಬಾಡಿಗೆಗೆ ಕೊಡುವುದೇ

ಇಲ್ಲಿ ಭಾವನೆಗಿಂತ ತೆರಿಗೆ ಕಾನೂನು ಹೆಚ್ಚು ಸಹಾಯಕ್ಕೆ ಬರುತ್ತದೆ. ಮಾರುವುದಕ್ಕೆ ಹಿಂದಿನ 5 ವರ್ಷಗಳಲ್ಲಿ ಕನಿಷ್ಠ 2 ವರ್ಷ ಆ ಮನೆ ನಿಮ್ಮ ಒಡೆತನದಲ್ಲಿದ್ದು, ನೀವು ಅದರಲ್ಲೇ ವಾಸವಿದ್ದರೆ, ಲಾಭದಲ್ಲಿ ಒಬ್ಬರಿಗೆ 2,50,000 ಡಾಲರ್, ಜಂಟಿಯಾಗಿ ತೆರಿಗೆ ಸಲ್ಲಿಸುವ ದಂಪತಿಗೆ 5,00,000 ಡಾಲರ್‌ವರೆಗೆ ಫೆಡರಲ್ ತೆರಿಗೆ ಇಲ್ಲ. ಇದನ್ನೇ ತಿರುಗಿಸಿ ಓದಿ: ಮನೆ ಬಿಟ್ಟು ಹೊರಟ ದಿನದಿಂದ 3 ವರ್ಷ ನಿಮ್ಮ ಕೈಯಲ್ಲಿದೆ. ಅಷ್ಟರೊಳಗೆ ಮಾರಿದರೆ ವಿನಾಯಿತಿ ಉಳಿಯುತ್ತದೆ, ದಾಟಿದರೆ ಹೋಗುತ್ತದೆ. ಬಾಡಿಗೆಗೆ ಕೊಟ್ಟ ಅವಧಿಯಲ್ಲಿ ಲೆಕ್ಕ ಹಾಕಿದ ಸವಕಳಿಯ ಮೇಲೆ ಮಾತ್ರ ಆಮೇಲೆ ತೆರಿಗೆ ಕಟ್ಟಬೇಕಾಗುತ್ತದೆ.

ಹಾಗಾಗಿ ಮನೆಯ ದುಡ್ಡು ಕೂಡಲೇ ಬೇಕಿಲ್ಲದವರು ಮೊದಲ ವರ್ಷ ಬಾಡಿಗೆಗೆ ಕೊಟ್ಟು ಹೋಗುವುದೇ ಒಳ್ಳೆಯದು ಎನ್ನುತ್ತೇನೆ. ಹಿಡಿಸದಿದ್ದರೆ ಮರಳಲು ಒಂದು ಬಾಗಿಲು ಇರುತ್ತದೆ. ಮೂರನೆಯ ವರ್ಷ ಮುಗಿಯುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಕೆಂಪಾಗಿ ಬರೆದಿಡಿ.

ಸಾಮಾನಿನ ವಿಷಯದಲ್ಲಿ ಕಟುವಾಗಿರಿ. ಸ್ಟೋರೇಜ್ ಕೋಣೆಗೆ ತಿಂಗಳು ತಿಂಗಳು ಕಟ್ಟುವ ಬಾಡಿಗೆ ಕೆಲವೇ ವರ್ಷಗಳಲ್ಲಿ ಒಳಗಿರುವ ಸೋಫಾ, ಮಂಚಗಳ ಬೆಲೆಯನ್ನು ದಾಟುತ್ತದೆ. ಫೋಟೋ ಮತ್ತು ಕಾಗದಪತ್ರ ಸ್ಕ್ಯಾನ್ ಮಾಡಿಸಿ. ಮಕ್ಕಳಿಗೆ ಕೊಡಬೇಕೆಂದಿರುವುದನ್ನು ಈಗಲೇ ಕೊಡಿ. ಅವರಿಗೆ ಬೇಡವಾದರೆ ಅದೂ ಈಗಲೇ ತಿಳಿಯುತ್ತದೆ.

3. ವಿಳಾಸ

ಮನೆಯೇ ಇಲ್ಲದವರಿಗೂ ಕಾನೂನಿನ ಕಣ್ಣಲ್ಲಿ ಒಂದು ರಾಜ್ಯ ಬೇಕು. ಲೈಸೆನ್ಸ್, ಗಾಡಿ ನೋಂದಣಿ, ವಿಮೆ, ಮತದಾನ, ಉಯಿಲು ಎಲ್ಲವೂ ಅಲ್ಲಿಗೆ ಅಂಟಿಕೊಂಡಿರುತ್ತವೆ. ಪೂರ್ಣಾವಧಿ ಆರ್‌ವಿಯವರಲ್ಲಿ ಹೆಚ್ಚು ಪ್ರಚಲಿತವಾಗಿರುವುದು ಮೂರು ರಾಜ್ಯ: ಸೌತ್ ಡಕೋಟಾ, ಟೆಕ್ಸಸ್, ಫ್ಲಾರಿಡಾ. ಮೂರರಲ್ಲೂ ರಾಜ್ಯದ ಆದಾಯ ತೆರಿಗೆ ಇಲ್ಲ, ಮೂರರಲ್ಲೂ ಅಂಚೆ ಪಡೆದು ನೀವಿರುವಲ್ಲಿಗೆ ಕಳಿಸುವ ಸೇವೆಗಳು ಬೇರೂರಿವೆ.

ಸೌತ್ ಡಕೋಟಾದಲ್ಲಿ ಸದಾ ಪ್ರಯಾಣದಲ್ಲಿರುವ ನಿವಾಸಿಗಳು ಅಲ್ಲಿ ಒಂದು ರಾತ್ರಿ ತಂಗಿದ ಕ್ಯಾಂಪ್‌ಗ್ರೌಂಡ್ (ಆರ್‌ವಿ ನಿಲ್ಲಿಸಿ ತಂಗುವ ಜಾಗ) ಅಥವಾ ಹೋಟೆಲ್ ರಸೀದಿ ತೋರಿಸಿ ಲೈಸೆನ್ಸ್ ಪಡೆಯುವ ಪದ್ಧತಿ ಇದೆ. ಆದರೆ ಮತದಾರರ ನೋಂದಣಿಗೆ 2023ರಲ್ಲಿ 30 ದಿನದ ವಾಸದ ನಿಯಮ ಬಂತು. ಟೆಕ್ಸಸ್‌ನಲ್ಲಿ ವಾಣಿಜ್ಯೇತರ ವಾಹನಗಳ ವಾರ್ಷಿಕ ಸುರಕ್ಷತಾ ತಪಾಸಣೆ 2025ರ ಜನವರಿಯಿಂದ ರದ್ದಾಗಿದೆ. ವರ್ಷವಿಡೀ ದೂರದಲ್ಲಿರುವವರಿಗೆ ಇದು ಸಣ್ಣ ಅನುಕೂಲವಲ್ಲ. ಅದೇ ಟೆಕ್ಸಸ್‌ನಲ್ಲಿ 26,000 ಪೌಂಡ್ ಮೀರಿದ ಮೋಟರ್‌ಹೋಮ್‌ಗೆ ಸಾಮಾನ್ಯ ಲೈಸೆನ್ಸ್ ಸಾಲದು, ವಾಣಿಜ್ಯೇತರ ಕ್ಲಾಸ್ ಬಿ ಲೈಸೆನ್ಸ್ ಬೇಕು. ರಾಜ್ಯ ಮತ್ತು ಗಾಡಿ ಎರಡನ್ನೂ ಒಟ್ಟಿಗೆ ಯೋಚಿಸಬೇಕಾದ ಕಾರಣ ಇದು.

ಅಂಚೆ ಸೇವೆ ಆರಂಭಿಸಲು ಅಂಚೆ ಇಲಾಖೆಯ 1583 ಎಂಬ ಫಾರ್ಮ್ ತುಂಬಿ ಗುರುತು ದೃಢೀಕರಿಸಬೇಕು. ಕೆಲವು ಬ್ಯಾಂಕುಗಳು ಇಂಥ ವಿಳಾಸವನ್ನು ಒಪ್ಪದೆ ವಾಸದ ವಿಳಾಸ ಕೇಳುತ್ತವೆ. ಆದ್ದರಿಂದ ಮನೆ ಬಿಡುವ ಮೊದಲೇ ಬ್ಯಾಂಕ್, ಪಿಂಚಣಿ, ಸೋಶಿಯಲ್ ಸೆಕ್ಯೂರಿಟಿ (ಸರ್ಕಾರಿ ವೃದ್ಧಾಪ್ಯ ಪಿಂಚಣಿ) ಎಲ್ಲ ಕಡೆ ಮಾತಾಡಿ ಮುಗಿಸಿ. ಹೆಚ್ಚು ಆದಾಯ ತೆರಿಗೆ ಹಾಕುವ ರಾಜ್ಯದಿಂದ ಹೊರಡುತ್ತಿದ್ದರೆ ಹಳೆಯ ನಂಟುಗಳನ್ನು ನಿಜವಾಗಿಯೂ ಕಡಿದುಕೊಳ್ಳಿ. ಲೈಸೆನ್ಸ್ ಹೊಸ ರಾಜ್ಯದ್ದು, ಗಾಡಿ ಹಳೆಯದರದ್ದು ಎಂದಿದ್ದರೆ ಹಳೆಯ ರಾಜ್ಯ ತೆರಿಗೆ ಕೇಳಿಕೊಂಡು ಬರಬಹುದು.

4. ಆರೋಗ್ಯ ವಿಮೆ

ಮಧ್ಯದಲ್ಲೇ ಈ ಬದುಕು ಬಿಟ್ಟವರನ್ನು ಕೇಳಿದರೆ ರಸ್ತೆಯ ಕಷ್ಟಕ್ಕಿಂತ ಆಸ್ಪತ್ರೆಯ ಕಷ್ಟದ ಕತೆಯೇ ಹೆಚ್ಚು ಬರುತ್ತದೆ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸೋಣ.

65 ತುಂಬಿದವರಿಗೆ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ಇದೆ. ಅದರಲ್ಲಿ ಎರಡು ದಾರಿ. ಮೂಲ ಮೆಡಿಕೇರ್ (ಭಾಗ ಎ ಮತ್ತು ಬಿ) ದೇಶದ ಯಾವ ಮೂಲೆಯಲ್ಲಾದರೂ ಮೆಡಿಕೇರ್ ಸ್ವೀಕರಿಸುವ ಡಾಕ್ಟರ್, ಆಸ್ಪತ್ರೆಗಳಲ್ಲಿ ನಡೆಯುತ್ತದೆ. ಮೆಡಿಕೇರ್ ಅಡ್ವಾಂಟೇಜ್ ಎಂಬ ಖಾಸಗಿ ಯೋಜನೆಗಳು ಅಗ್ಗವಾಗಿ ಕಾಣುತ್ತವೆ, ಹಲ್ಲು ಕಣ್ಣು ಎಲ್ಲ ಸೇರಿಸಿ ಆಸೆ ಹುಟ್ಟಿಸುತ್ತವೆ. ಆದರೆ ಬಹುಪಾಲು ಯೋಜನೆಗಳು ಒಂದು ಪ್ರದೇಶದ ಡಾಕ್ಟರ್‌ಗಳ ಜಾಲಕ್ಕೆ ಕಟ್ಟಿಹಾಕುತ್ತವೆ. ಆರು ತಿಂಗಳಿಗಿಂತ ಹೆಚ್ಚು ಕಾಲ ಆ ಪ್ರದೇಶದ ಹೊರಗಿದ್ದರೆ ಸಾಮಾನ್ಯವಾಗಿ ಯೋಜನೆಯಿಂದಲೇ ಕೈಬಿಡುತ್ತವೆ. ವರ್ಷವಿಡೀ ಅಲೆಯುವವರಿಗೆ ಮೂಲ ಮೆಡಿಕೇರ್, ಅದರ ಜೊತೆಗೆ ಮೆಡಿಗ್ಯಾಪ್ ಎಂಬ ಪೂರಕ ವಿಮೆ, ಔಷಧಿಗೆ ಭಾಗ ಡಿ. ನನ್ನ ಮಟ್ಟಿಗೆ ಇದರಲ್ಲಿ ಎರಡು ಮಾತಿಲ್ಲ.

ಮೆಡಿಗ್ಯಾಪ್‌ಗೆ ಒಂದು ಗಡುವು ಇದೆ. 65 ದಾಟಿ ಭಾಗ ಬಿ ಜಾರಿಯಾದ ದಿನದಿಂದ 6 ತಿಂಗಳು ಯಾವ ಕಂಪನಿಯೂ ನಿಮ್ಮ ಕಾಯಿಲೆಗಳ ನೆಪದಲ್ಲಿ ಇಲ್ಲ ಎನ್ನುವಂತಿಲ್ಲ. ಆ ಕಿಟಕಿ ಮುಚ್ಚಿದ ಮೇಲೆ ಬಹುತೇಕ ರಾಜ್ಯಗಳಲ್ಲಿ ಆರೋಗ್ಯದ ಪ್ರಶ್ನೆ ಕೇಳಿ ನಿರಾಕರಿಸಬಹುದು. ನೀವು ಆರಿಸುವ ರಾಜ್ಯ, ಅಷ್ಟೇ ಏಕೆ, ಪಿನ್ ಕೋಡ್ ಕೂಡ ಪ್ರೀಮಿಯಂ ಬದಲಿಸುತ್ತದೆ. ಹಾಗಾಗಿ ವಿಳಾಸ ಪಕ್ಕಾ ಮಾಡುವ ಮೊದಲು ಮೂರೂ ರಾಜ್ಯಗಳ ದರ ಕೇಳಿ.

65ಕ್ಕೆ ಮೊದಲೇ ನಿವೃತ್ತರಾದವರ ಪಾಡು ಕಠಿಣ. ಮಾರ್ಕೆಟ್‌ಪ್ಲೇಸ್ ಎಂಬ ಸರ್ಕಾರಿ ವಿಮಾ ಮಾರುಕಟ್ಟೆಯಲ್ಲಿ ಕೊಳ್ಳುವ ಯೋಜನೆಗಳು ರಾಜ್ಯದೊಳಗಿನವು, ಹೊರಗಡೆ ಹಲವು ಯೋಜನೆಗಳು ತುರ್ತು ಚಿಕಿತ್ಸೆಗೆ ಮಾತ್ರ ಒದಗುತ್ತವೆ. ಇಬ್ಬರಲ್ಲಿ ಒಬ್ಬರಿಗೆ ದೀರ್ಘ ಕಾಲದ ಕಾಯಿಲೆ ಇದ್ದು, ಇನ್ನೂ 65 ಆಗಿಲ್ಲದಿದ್ದರೆ, ಅಲ್ಲಿಯವರೆಗೆ ಅರ್ಧ ವರ್ಷ ಮನೆ, ಅರ್ಧ ವರ್ಷ ರಸ್ತೆ ಎಂದು ಹಂಚಿಕೊಳ್ಳುವುದು ಜಾಣತನ.

ಇನ್ನು ಚಿಲ್ಲರೆ ಕೆಲಸಗಳು. ಔಷಧಿಯನ್ನು ದೇಶವಿಡೀ ಅಂಗಡಿಗಳಿರುವ ಫಾರ್ಮಸಿ ಸರಣಿಗೆ ವರ್ಗಾಯಿಸಿ. ವಿಡಿಯೋ ಮೂಲಕ ನೋಡುವ ಡಾಕ್ಟರ್‌ಗೆ ಆ ಕ್ಷಣ ನೀವು ಕುಳಿತಿರುವ ರಾಜ್ಯದ ಪರವಾನಗಿ ಇರಬೇಕು ಎಂಬುದು ಹಲವರಿಗೆ ಗೊತ್ತಿರುವುದಿಲ್ಲ. ಊರಿನ ಡಾಕ್ಟರ್ ಗಡಿ ದಾಟಿದ ನಿಮ್ಮನ್ನು ನೋಡಲಾರೆ ಎಂದರೆ ಅದು ಅವರ ಮೊಂಡುತನವಲ್ಲ. ವೈದ್ಯಕೀಯ ದಾಖಲೆ, ಔಷಧಿ ಪಟ್ಟಿ, ಆರೋಗ್ಯದ ವಿಷಯದಲ್ಲಿ ನಿಮ್ಮ ಪರವಾಗಿ ತೀರ್ಮಾನಿಸುವವರ ಅಧಿಕಾರ ಪತ್ರ, ಇವುಗಳ ಪ್ರತಿ ಗಾಡಿಯ ಬಾಗಿಲ ಬಳಿಯೇ ಇರಲಿ. ವರ್ಷಕ್ಕೊಮ್ಮೆ ಒಂದೇ ಊರಿಗೆ ಮರಳಿ ಎಲ್ಲ ತಪಾಸಣೆಗಳನ್ನೂ ಅಲ್ಲೇ ಮುಗಿಸುವ ರೂಢಿ ಒಳ್ಳೆಯದು.

5. ಈಗ ಗಾಡಿ

ಮೋಟರ್‌ಹೋಮ್‌ಗಳಲ್ಲಿ ಮೂರು ಬಗೆ. ಬಸ್ಸಿನ ಮೈಕಟ್ಟಿನದು ಕ್ಲಾಸ್ ಎ, ವ್ಯಾನ್ ಒಳಗೇ ಎಲ್ಲ ಅಡಕವಾದದ್ದು ಕ್ಲಾಸ್ ಬಿ, ಡ್ರೈವರ್ ತಲೆಯ ಮೇಲೆ ಅಟ್ಟದ ಹಾಸಿಗೆ ಚಾಚಿಕೊಂಡದ್ದು ಕ್ಲಾಸ್ ಸಿ. ಎಳೆದೊಯ್ಯುವವುಗಳಲ್ಲಿ ಹಿಂಬದಿಯ ಕೊಂಡಿಗೆ ಸಿಕ್ಕಿಸುವ ಟ್ರಾವೆಲ್ ಟ್ರೇಲರ್ ಒಂದು, ಪಿಕಪ್ ಟ್ರಕ್ಕಿನ ತೊಟ್ಟಿಯೊಳಗಿನ ಕೊಂಡಿಗೆ ಸಿಕ್ಕಿಸುವ ಫಿಫ್ತ್ ವೀಲ್ ಇನ್ನೊಂದು.

ಒಂದೊಂದು ಕಡೆ ತಿಂಗಳುಗಟ್ಟಲೆ ನಿಲ್ಲುವವರಿಗೆ ಫಿಫ್ತ್ ವೀಲ್ ವಿಶಾಲ. ಆದರೆ ಅದರಲ್ಲಿ ಮಲಗುವ ಕೋಣೆಗೆ ಮೆಟ್ಟಿಲು ಹತ್ತಬೇಕು. ಎಪ್ಪತ್ತರ ಮೊಣಕಾಲನ್ನು ನೆನೆಸಿಕೊಂಡು ತೀರ್ಮಾನಿಸಿ. ನಾಲ್ಕೈದು ದಿನಕ್ಕೊಮ್ಮೆ ಜಾಗ ಬದಲಿಸುವವರಿಗೆ ಸಾಧಾರಣ ಉದ್ದದ ಕ್ಲಾಸ್ ಸಿ, ಹಿಂದೆ ಎಳೆದುಕೊಂಡು ಹೋಗುವ ಸಣ್ಣ ಕಾರು, ಹೆಚ್ಚು ಹೊಂದುತ್ತದೆ. ಎಲ್ಲ ಕಾರುಗಳನ್ನೂ ನಾಲ್ಕು ಚಕ್ರ ನೆಲದ ಮೇಲಿಟ್ಟು ಎಳೆಯಲಾಗದು, ಗೇರ್‌ಬಾಕ್ಸ್ ಹಾಳಾಗುತ್ತದೆ. ಕಾರಿನ ಕೈಪಿಡಿಯಲ್ಲಿ ಇದು ಬರೆದಿರುತ್ತದೆ.

ಉದ್ದ ಹೆಚ್ಚಿದಷ್ಟೂ ಬಾಗಿಲುಗಳು ಮುಚ್ಚುತ್ತವೆ. ನ್ಯಾಷನಲ್ ಪಾರ್ಕ್‌ಗಳ ಹಳೆಯ ಕ್ಯಾಂಪ್‌ಗ್ರೌಂಡ್‌ಗಳು ದೊಡ್ಡ ಗಾಡಿಗಳ ಕಾಲಕ್ಕಿಂತ ಮೊದಲು ಕಟ್ಟಿದವು. ಗ್ಲೇಸಿಯರ್ ನ್ಯಾಷನಲ್ ಪಾರ್ಕ್‌ನ ಗೋಯಿಂಗ್ ಟು ದ ಸನ್ ರಸ್ತೆಯ ಘಟ್ಟದ ಭಾಗದಲ್ಲಿ 21 ಅಡಿಗಿಂತ ಉದ್ದ, 8 ಅಡಿಗಿಂತ ಅಗಲದ ವಾಹನಗಳಿಗೆ ಪ್ರವೇಶವೇ ಇಲ್ಲ. ಹಿಂದೆ ಕಾರು ಇದ್ದರೆ ಅದರಲ್ಲಿ ಹೋಗಿಬರಬಹುದು.

ಒಳಗಿನ ಅಲಂಕಾರಕ್ಕಿಂತ ಮೊದಲು ನೋಡಬೇಕಾದ್ದು ತೂಕದ ಚೀಟಿ. ಸಾಮಾನು, ನೀರು, ಮಂದಿ ಎಲ್ಲ ಸೇರಿ ಗಾಡಿ ತೂಗಬಹುದಾದ ಗರಿಷ್ಠ ಮಿತಿ, ಅದರೊಳಗೆ ನೀವು ಹೇರಬಹುದಾದ ಹೊರೆ, ಎರಡೂ ಅಲ್ಲಿ ಅಚ್ಚಾಗಿರುತ್ತವೆ. ಒಂದು ಗ್ಯಾಲನ್ ನೀರು ಸುಮಾರು 8.3 ಪೌಂಡ್. 60 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ ಅಲ್ಲೇ ಹತ್ತಿರ ಹತ್ತಿರ 500 ಪೌಂಡ್ ಹೋಯಿತು. ನೋಡಲು ಅರಮನೆಯಂತಿರುವ ಕೆಲವು ಗಾಡಿಗಳಲ್ಲಿ ನೀರು ತುಂಬಿಸಿ ಇಬ್ಬರು ಹತ್ತಿದರೆ ಪಾತ್ರೆಗಳಿಗೆ ಜಾಗ ಇರುತ್ತದೆ, ತೂಕ ಉಳಿದಿರುವುದಿಲ್ಲ. ಸಾಮಾನೆಲ್ಲ ತುಂಬಿದ ಮೇಲೆ ಟ್ರಕ್ ಸ್ಟಾಪ್‌ಗಳಲ್ಲಿರುವ ಕ್ಯಾಟ್ ಸ್ಕೇಲ್ ಎಂಬ ವಾಹನ ತೂಗುವ ಯಂತ್ರದ ಮೇಲೆ ಹತ್ತಿಸಿ. ಮುಂದಿನ, ಹಿಂದಿನ ಆ್ಯಕ್ಸಲ್‌ಗಳ ತೂಕ ಬೇರೆ ಬೇರೆ ಕೊಡುತ್ತಾರೆ.

ಹೊಸದೋ ಹಳೆಯದೋ? ನನ್ನ ಮತ ಎರಡು ಮೂರು ವರ್ಷ ಬಳಸಿದ್ದಕ್ಕೆ. ಹೊಸ ಗಾಡಿ ಅಂಗಳ ದಾಟಿದೊಡನೆ ಬೆಲೆ ಕುಸಿಯುತ್ತದೆ, ಕಾರ್ಖಾನೆಯ ಕುಂದುಗಳು ಮೊದಲ ವರ್ಷದಲ್ಲೇ ತಲೆ ಎತ್ತುತ್ತವೆ. ಆ ತಲೆನೋವು ಬೇರೆಯವರು ಅನುಭವಿಸಿರಲಿ. ಹೊಸದನ್ನೇ ಕೊಳ್ಳುವುದಾದರೆ ವಾರಂಟಿಯನ್ನು ಸಾಲು ಸಾಲಾಗಿ ಓದಿ. ಅದರಲ್ಲೇ ಪೂರ್ಣಾವಧಿ ವಾಸ ಮಾಡಿದರೆ ವಾರಂಟಿ ಅನ್ವಯಿಸದು ಎಂದು ಹಲವು ತಯಾರಕರು ಬರೆದಿರುತ್ತಾರೆ. ಪೂರ್ಣಾವಧಿಯವರಿಗೆ ಸಾಲ ಕೊಡದ ಬ್ಯಾಂಕುಗಳೂ ಇವೆ.

ಹಳೆಯದಾದರೆ ಮನೆ ಕೊಳ್ಳುವಾಗ ಮಾಡಿಸುವಂತೆಯೇ ತಪಾಸಣೆ ಮಾಡಿಸಿ. ಎನ್‌ಆರ್‌ವಿಐಎ ಎಂಬ ಆರ್‌ವಿ ತಪಾಸಣೆಗಾರರ ಸಂಘದ ಪ್ರಮಾಣಪತ್ರ ಇರುವ ಸ್ವತಂತ್ರ ತಪಾಸಣೆಗಾರರು ಸಿಗುತ್ತಾರೆ. ಮಾರುವವರು ಸೂಚಿಸಿದವರು ಬೇಡ. ಆರ್‌ವಿಯ ದೊಡ್ಡ ಶತ್ರು ನೀರು. ಛಾವಣಿಯ ಸೀಲ್ ಬಿರುಕುಬಿಟ್ಟರೆ ಒಳಗಿನ ಮರ ಸದ್ದಿಲ್ಲದೆ ಕೊಳೆಯುತ್ತದೆ. ಹೊರಗೋಡೆ ಉಬ್ಬಿದ್ದರೆ, ನೆಲ ಕಾಲಿಗೆ ಮೆತ್ತಗೆ ಸಿಕ್ಕರೆ, ಕಪಾಟಿನ ಮೂಲೆಯಲ್ಲಿ ಮುಗ್ಗಲು ವಾಸನೆ ಬಂದರೆ ಬೆಲೆ ಎಷ್ಟೇ ಇಳಿಸಿದರೂ ಬಿಟ್ಟುಬಿಡಿ. ಟೈರ್ ಮೇಲೆ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದದ್ದು. ನಿಂತೇ ಹಳತಾಗುವ ಆರ್‌ವಿ ಟೈರ್‌ಗಳನ್ನು ಹಲ್ಲು ಸವೆಯದಿದ್ದರೂ ಐದರಿಂದ ಏಳು ವರ್ಷದೊಳಗೆ ಬದಲಿಸುವುದು ವಾಡಿಕೆ.

ಖಾಸಗಿ ಪಾರ್ಕ್‌ಗಳಲ್ಲಿ ಕೆಲವು 10 ವರ್ಷಕ್ಕಿಂತ ಹಳೆಯ ಗಾಡಿಗಳನ್ನು ಒಳಗೆ ಬಿಡುವುದಿಲ್ಲ ಎಂಬುದೂ ಲೆಕ್ಕದಲ್ಲಿರಲಿ.

6. ಗಾಡಿಯ ವಿಮೆ

ಸಾಮಾನ್ಯ ಆರ್‌ವಿ ವಿಮೆ ಆಗಾಗ ರಜೆಗೆ ಹೋಗುವವರಿಗಾಗಿ ಬರೆದದ್ದು. ನಿಮಗೆ ಬೇಕಾದ್ದು ಪೂರ್ಣಾವಧಿ ವಾಸದ ಪಾಲಿಸಿ. ನಿಮ್ಮ ಮೆಟ್ಟಿಲಲ್ಲಿ ಯಾರಾದರೂ ಜಾರಿ ಬಿದ್ದರೆ ಮನೆ ವಿಮೆಯಂತೆ ಹೊಣೆ ಹೊರುವುದು ಅದೇ. ಅದರಲ್ಲೇ ವಾಸ ಎಂದು ಮುಚ್ಚಿಡದೆ ಹೇಳಿ. ಅಷ್ಟು ಉದ್ದದ ಗಾಡಿಯನ್ನು ಎಳೆಯಬಲ್ಲ ರಸ್ತೆ ನೆರವಿನ ಸದಸ್ಯತ್ವವೂ ಬೇಕು.

7. ನೀರು, ಕರೆಂಟು, ಕೊಳಕು

ಕ್ಯಾಂಪ್‌ಗ್ರೌಂಡಿನ ಕಂಬದಲ್ಲಿ 30 ಆ್ಯಂಪ್ ಎಂದರೆ 120 ವೋಲ್ಟ್‌ನಲ್ಲಿ 3,600 ವ್ಯಾಟ್. 50 ಆ್ಯಂಪ್ ಎಂದರೆ ಅದಕ್ಕಿಂತ ಸ್ವಲ್ಪ ಹೆಚ್ಚು ಎಂದುಕೊಳ್ಳುತ್ತಾರೆ. ಅದರಲ್ಲಿ ಎರಡು ಲೈನ್ ಇರುವುದರಿಂದ ಒಟ್ಟು 12,000 ವ್ಯಾಟ್. 30 ಆ್ಯಂಪ್ ಗಾಡಿಯಲ್ಲಿ ಏಸಿ ಓಡುವಾಗ ಮೈಕ್ರೋವೇವ್ ಮತ್ತು ಹೇರ್ ಡ್ರೈಯರ್ ಒಟ್ಟಿಗೆ ಹಾಕಿದರೆ ಬ್ರೇಕರ್ ಬೀಳುತ್ತದೆ. ಕಂಬದ ಬ್ರೇಕರ್ ಆಫ್ ಮಾಡಿ, ಮೊದಲು ಸರ್ಜ್ ಪ್ರೊಟೆಕ್ಟರ್, ಅದಕ್ಕೆ ಗಾಡಿಯ ಕೇಬಲ್, ಆಮೇಲೆ ಆನ್. ಕಂಬದ ವೈರಿಂಗ್ ತಪ್ಪಿದ್ದರೆ ಆ ಪ್ರೊಟೆಕ್ಟರ್ ಗಾಡಿಯನ್ನು ಕಾಯುತ್ತದೆ.

ನೀರಿನ ನಲ್ಲಿಗೆ ಒತ್ತಡ ತಗ್ಗಿಸುವ ರೆಗ್ಯುಲೇಟರ್ ಹಾಕದೆ ಪೈಪ್ ಸಿಕ್ಕಿಸಬೇಡಿ. ಕುಡಿಯುವ ನೀರಿನ ಪೈಪ್ ಬೇರೆ, ಟ್ಯಾಂಕ್ ತೊಳೆಯುವ ಪೈಪ್ ಬೇರೆ, ಎರಡೂ ಬೇರೆ ಡಬ್ಬಗಳಲ್ಲಿರಲಿ.

ಶೌಚದ ಟ್ಯಾಂಕಿಗೆ ಬ್ಲ್ಯಾಕ್ ಟ್ಯಾಂಕ್ ಎನ್ನುತ್ತಾರೆ, ಸಿಂಕ್ ಮತ್ತು ಸ್ನಾನದ ನೀರಿನದು ಗ್ರೇ ಟ್ಯಾಂಕ್. ಸೀವರ್ ಪೈಪ್ ಸದಾ ಜೋಡಿಸಿದ್ದರೂ ಬ್ಲ್ಯಾಕ್ ಟ್ಯಾಂಕಿನ ಕವಾಟ ಮುಚ್ಚಿಯೇ ಇರಬೇಕು. ತೆರೆದಿಟ್ಟರೆ ನೀರು ಹರಿದುಹೋಗಿ ಗಟ್ಟಿ ಪದಾರ್ಥ ಗುಡ್ಡೆಯಾಗಿ ನಿಲ್ಲುತ್ತದೆ, ಅದನ್ನು ಒಡೆಯುವುದು ಯಾರಿಗೂ ಬೇಡದ ಕೆಲಸ. ಮುಕ್ಕಾಲು ತುಂಬುವವರೆಗೆ ಕಾದು, ಕೈಗವಸು ಹಾಕಿ, ಮೊದಲು ಬ್ಲ್ಯಾಕ್ ಖಾಲಿ ಮಾಡಿ. ಆಮೇಲೆ ಗ್ರೇ ಬಿಟ್ಟರೆ ಸೋಪಿನ ನೀರು ಪೈಪನ್ನು ತೊಳೆಯುತ್ತದೆ. ಎಲ್ಲಕ್ಕಿಂತ ದೊಡ್ಡ ಮದ್ದು ಧಾರಾಳವಾಗಿ ನೀರು ಸುರಿಯುವುದು.

ಗ್ಯಾಸ್ ಮೇಲೂ ನಡೆಯುವ ಹಳೆಯ ಬಗೆಯ ಫ್ರಿಜ್ ಇದ್ದರೆ ಗಾಡಿ ಸಮತಟ್ಟಾಗಿ ನಿಂತಿರಬೇಕು, ಇಲ್ಲವಾದರೆ ಫ್ರಿಜ್ ಕೆಡುತ್ತದೆ. ಪ್ರೊಪೇನ್ ಮತ್ತು ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಯಂತ್ರಗಳಿಗೂ ಆಯುಷ್ಯದ ತಾರೀಖು ಇದೆ, ಅವುಗಳ ಹಿಂಬದಿ ತಿರುಗಿಸಿ ನೋಡಿ.

8. ರಸ್ತೆಗಿಳಿಯುವುದು

ಖಾಲಿ ಪಾರ್ಕಿಂಗ್ ಜಾಗದಲ್ಲಿ ಒಂದು ಬೆಳಿಗ್ಗೆ ಪೂರ್ತಿ ಹಿಂದಕ್ಕೆ ತೆಗೆದುಕೊಳ್ಳುವುದನ್ನು ಅಭ್ಯಾಸ ಮಾಡಿ. ತಿರುವಿನಲ್ಲಿ ಹಿಂಚಕ್ರದ ಹಿಂದಿರುವ ಭಾಗ ಎದುರು ದಿಕ್ಕಿಗೆ ಬೀಸುತ್ತದೆ, ಪೆಟ್ರೋಲ್ ಬಂಕಿನ ಕಂಬಗಳಿಗೆ ತಾಗುವುದು ಹೀಗೆಯೇ. ಕೆಳಗೆ ನಿಂತು ದಾರಿ ತೋರಿಸುವವರು ಕೂಗುವ ಬದಲು ಫೋನಿನಲ್ಲಿ ಮಾತಾಡಲಿ. ಕನ್ನಡಿಯಲ್ಲಿ ಅವರು ಕಾಣದ ಕ್ಷಣ ಗಾಡಿ ನಿಲ್ಲಬೇಕು. ದಾಂಪತ್ಯಕ್ಕೂ ಇದು ಕ್ಷೇಮ.

ಛಾವಣಿಯ ಏಸಿ ಸೇರಿಸಿ ಎತ್ತರ ಅಳೆದು ಸ್ಟೀರಿಂಗ್ ಎದುರು ಅಂಟಿಸಿ. ನಾರ್ತ್ ಕೆರೊಲಿನಾದ ಡರ್ಹಮ್‌ನಲ್ಲಿ 11 ಅಡಿ 8 ಅಂಗುಲದ ಒಂದು ರೈಲು ಸೇತುವೆ ಟ್ರಕ್, ಆರ್‌ವಿಗಳ ನೆತ್ತಿ ಸೀಳಿಯೇ ಜಗತ್ಪ್ರಸಿದ್ಧವಾಯಿತು. 2019ರಲ್ಲಿ ಅದನ್ನು 12 ಅಡಿ 4 ಅಂಗುಲಕ್ಕೆ ಎತ್ತಿದ ಮೇಲೂ ಬಡಿಯುವವರು ಬಡಿಯುತ್ತಲೇ ಇದ್ದಾರೆ. ಕಾರಿಗೆ ದಾರಿ ತೋರಿಸುವ ಆ್ಯಪ್ ಸಾಲದು, ಗಾಡಿಯ ಎತ್ತರ, ಉದ್ದ, ತೂಕ ತುಂಬಿಸಬಹುದಾದ ಆರ್‌ವಿ ಜಿಪಿಎಸ್ ಬೇಕು. ಪೂರ್ವ ಕರಾವಳಿಯ ಕೆಲವು ಸುರಂಗಗಳಲ್ಲಿ, ಉದಾಹರಣೆಗೆ ಬಾಲ್ಟಿಮೋರ್‌ನಲ್ಲಿ, ಪ್ರೊಪೇನ್ ಸಿಲಿಂಡರ್ ಇರುವ ಆರ್‌ವಿಗೆ ಪ್ರವೇಶವಿಲ್ಲ. ಸುತ್ತಿ ಹೋಗಬೇಕು.

ಆರ್‌ವಿಯವರು ಮೂರರ ಸೂತ್ರ ಹೇಳುತ್ತಾರೆ: ದಿನಕ್ಕೆ 300 ಮೈಲು ಮೀರಬೇಡ, ಮಧ್ಯಾಹ್ನ 3ಕ್ಕೆ ಮೊದಲು ತಲುಪು, 3 ರಾತ್ರಿ ತಂಗು. ನನ್ನ ಕೇಳಿದರೆ 300 ಕೂಡ ಹೆಚ್ಚೇ.

ಹವಾಮಾನದ ಎಚ್ಚರಿಕೆಗಳು ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಹೆಸರಿನಲ್ಲಿ ಬರುತ್ತವೆ. ಹೊಸಬರಿಗೆ ತಾವು ಯಾವ ಕೌಂಟಿಯಲ್ಲಿದ್ದೇವೆ ಎಂದೇ ಗೊತ್ತಿರುವುದಿಲ್ಲ. ಜಾಗ ತಲುಪಿದೊಡನೆ ಕೌಂಟಿಯ ಹೆಸರು ಬರೆದಿಡಿ, ಸುಂಟರಗಾಳಿ ಬಂದರೆ ಓಡಬೇಕಾದ ಗಟ್ಟಿ ಕಟ್ಟಡ ಯಾವುದೆಂದು ಕೇಳಿಡಿ. ಗಾಡಿಯೊಳಗೆ ಕೂತಿರುವುದು ರಕ್ಷಣೆಯಲ್ಲ.

9. ತಂಗುವ ಜಾಗ ಮತ್ತು ಖರ್ಚು

62 ತುಂಬಿದ ನಾಗರಿಕರು ಮತ್ತು ಗ್ರೀನ್ ಕಾರ್ಡ್ ಇರುವವರು ಮೊದಲು ಮಾಡಬೇಕಾದ್ದು ಸೀನಿಯರ್ ಪಾಸ್. ವರ್ಷಕ್ಕೆ 20 ಡಾಲರ್, ಜೀವನಪರ್ಯಂತಕ್ಕೆ 80. ನ್ಯಾಷನಲ್ ಪಾರ್ಕ್ ಪ್ರವೇಶದ ಜೊತೆಗೆ ಫೆಡರಲ್ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಅನೇಕ ಕಡೆ ಅರ್ಧ ದರ. ಸೇನೆಯ ಎಂಜಿನಿಯರ್ ದಳ ಜಲಾಶಯಗಳ ದಡದಲ್ಲಿ ನಡೆಸುವ ಕ್ಯಾಂಪ್‌ಗ್ರೌಂಡ್‌ಗಳು ಇದರಲ್ಲಿ ಸೇರಿವೆ. ಹೆಚ್ಚು ಜನರಿಗೆ ಗೊತ್ತಿಲ್ಲದ ಒಳ್ಳೆಯ ಜಾಗಗಳು ಅವು.

ಪಶ್ಚಿಮದ ರಾಜ್ಯಗಳಲ್ಲಿ ಬಿಎಲ್‌ಎಂ ಎಂಬ ಫೆಡರಲ್ ಇಲಾಖೆಯ ಬಯಲಿನಲ್ಲಿ ಸಾಮಾನ್ಯವಾಗಿ 28 ದಿನಗಳ ಅವಧಿಯಲ್ಲಿ 14 ದಿನ ಬಿಟ್ಟಿಯಾಗಿ ಇರಬಹುದು. ನೀರು, ಕರೆಂಟು ನಿಮ್ಮದೇ. ಅರಿಜೋನಾದ ಕ್ವಾರ್ಟ್ಜ್‌ಸೈಟ್ ಸುತ್ತಮುತ್ತಲ ದೀರ್ಘಾವಧಿ ವಲಯಗಳಲ್ಲಿ ಪರವಾನಗಿ ಪಡೆದು ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಚಳಿಗಾಲವಿಡೀ ಬೀಡುಬಿಡಬಹುದು.

ಖರ್ಚಿನ ಹತೋಟಿ ಇರುವುದು ಮೈಲಿಯಲ್ಲಿ. ಗ್ಯಾಲನ್‌ಗೆ 8 ಮೈಲು ಕೊಡುವ ಗಾಡಿ ವರ್ಷಕ್ಕೆ 10,000 ಮೈಲು ಓಡಿದರೆ 1,250 ಗ್ಯಾಲನ್ ಕುಡಿಯುತ್ತದೆ. ಅರ್ಧ ಓಡಿದರೆ ಅರ್ಧ. ಖಾಸಗಿ ಪಾರ್ಕಿನಲ್ಲಿ ತಿಂಗಳ ದರ ದಿನದ ದರದ ಲೆಕ್ಕಕ್ಕಿಂತ ಎಷ್ಟೋ ಕಡಿಮೆ, ಕರೆಂಟು ಮಾತ್ರ ಮೀಟರ್ ಪ್ರಕಾರ. ದುಡ್ಡು ಬಿಗಿಯಾದರೆ ಕ್ಯಾಂಪ್ ಹೋಸ್ಟ್ ಆಗಿ ವಾರಕ್ಕೆ ಇಂತಿಷ್ಟು ಗಂಟೆ ಕೆಲಸ ಮಾಡಿ ಜಾಗವನ್ನು ಬಿಟ್ಟಿಯಾಗಿ ಪಡೆಯಬಹುದು. ಟೈರ್, ಛಾವಣಿ, ಬ್ಯಾಟರಿಗೆಂದು ಪ್ರತಿ ತಿಂಗಳೂ ಬೇರೆ ತೆಗೆದಿಡಿ.

10. ಇಳಿಯುವ ದಿನ

ಹತ್ತುವ ಮೊದಲೇ ಇಳಿಯುವ ದಾರಿ ಬರೆದಿಡಬೇಕು. ಸ್ಟೀರಿಂಗ್ ಹಿಡಿಯಲಾಗದ ದಿನ ಬಂದರೆ ಯಾವ ಊರು, ಎಂಥ ಮನೆ, ಎಷ್ಟು ದುಡ್ಡು? ಮನೆ ಮಾರಿದ ಹಣವನ್ನೆಲ್ಲ ಗಾಡಿಗೆ ಸುರಿದವರಿಗೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಏಕೆಂದರೆ ಗಾಡಿಯ ಬೆಲೆ ವರ್ಷ ವರ್ಷ ಇಳಿಯುತ್ತದೆ, ಮನೆಗಳದ್ದು ಏರುವುದೇ ಹೆಚ್ಚು. ಸಣ್ಣ ಮನೆಗೆ ಬೇಕಾಗುವಷ್ಟನ್ನು ಮುಟ್ಟದೆ ಬೇರೆ ಇಡಿ. ಒಂಟಿಯಾಗಿ ಹೊರಟವರು ಮಕ್ಕಳಿಗೋ ಸ್ನೇಹಿತರಿಗೋ ವಾರದಲ್ಲಿ ಒಂದು ಗೊತ್ತಾದ ದಿನ ತಾವಿರುವ ಜಾಗ ತಿಳಿಸುತ್ತಿರಲಿ.

ಎಸ್ಕೇಪೀಸ್ ಎಂಬ ಆರ್‌ವಿ ಕ್ಲಬ್ 1978ರಿಂದ ಇದೆ. ಅಂಚೆ ಸೇವೆಯನ್ನೂ ನಡೆಸುತ್ತದೆ. ಟೆಕ್ಸಸ್‌ನ ಲಿವಿಂಗ್‌ಸ್ಟನ್‌ನಲ್ಲಿರುವ ಅದರ ನೆಲೆಯಲ್ಲಿ ಕೇರ್ ಎಂಬ ಕೇಂದ್ರವಿದ್ದು, ವಯಸ್ಸಾಗಿ ಅಥವಾ ಕಾಯಿಲೆಯಿಂದ ಅಲೆದಾಟ ನಿಲ್ಲಿಸಿದ ಸದಸ್ಯರು ತಮ್ಮ ಆರ್‌ವಿಯಲ್ಲೇ ಇದ್ದುಕೊಂಡು ಊಟ, ಹಗಲಿನ ಆರೈಕೆ ಪಡೆಯುತ್ತಾರೆ. ಹೊರಟ ಮೊದಲ ವರ್ಷವೇ, ಕೈಕಾಲು ಗಟ್ಟಿ ಇರುವಾಗಲೇ, ದಾರಿಯಲ್ಲಿ ಸಿಕ್ಕರೆ ಒಮ್ಮೆ ಒಳಹೊಕ್ಕು ಅಲ್ಲಿನವರನ್ನು ಮಾತಾಡಿಸಿ. ಯಾವ ಗಾಡಿ ಕೊಳ್ಳಬಾರದು ಎಂಬುದನ್ನೂ ಅವರೇ ಚೆನ್ನಾಗಿ ಹೇಳುತ್ತಾರೆ.